ಪಶ್ಚಿಮದ ಕಿಟಕಿ ಬಿಸಿಲಿಗೆ ಡಬಲ್ ಗ್ಲಾಸ್ ಹಾಕ್ಸಿದ್ರೆ ನಿಜವಾಗ್ಲೂ ಕಮ್ಮಿ ಆಗುತ್ತಾ? ಹಳೇ ಫ್ರೇಮ್ ಇಟ್ಕೋಬೋದಾ?

ಹಳೇಮನೆ_ರಿಪೇರಿ:

ನಮಸ್ಕಾರ ಎಲ್ರಿಗೂ. ಹಳೇ ಮನೆ ರಿಪೇರಿ ಮಾಡಿಸ್ತಾ ಇದೀವಿ, ಕಿಟಕಿ ಬಾಗಿಲು ವಿಷ್ಯದಲ್ಲಿ ತಲೆ ಕೆಟ್ಟು ಕೂತಿದೆ, ಗೊತ್ತಿರೋರು ಸ್ವಲ್ಪ ದಾರಿ ತೋರ್ಸಿ. ಹಾಲ್‌ನಲ್ಲಿ ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ ಇದೆ, ಅಗಲ 2 ಮೀಟರ್, ಎತ್ತರ ಒಂದೂವರೆ. ಮರದ ಫ್ರೇಮು, 4 ಎಂಎಂ ಸಾದಾ ಗಾಜು. ಮಧ್ಯಾಹ್ನ ಮೂರು ದಾಟಿದ್ರೆ ಮುಗೀತು, ಆ ಕಡೆ ಸೋಫಾ ಮೇಲೆ ಕೂರಕ್ಕೇ ಆಗಲ್ಲ, ಎಸಿ ಓಡ್ತಾನೇ ಇರುತ್ತೆ ರೂಮು ಮಾತ್ರ ತಣ್ಣಗಾಗಲ್ಲ. ಮಲಗೋ ರೂಮುಗಳ ಕಿಟಕಿ ಚಿಕ್ಕವು, ಅಲ್ಲಿ ಬಿಸಿಲಿನ ಕಾಟ ಇಲ್ಲ, ಆದ್ರೆ ಚಳಿಗಾಲದಲ್ಲಿ ಪೂರ್ತಿ ಮುಚ್ಚಿದ್ರೂ ಕರ್ಟನ್ ಅಲ್ಲಾಡೋದು ಕಾಣುತ್ತೆ. ಧೂಳಂತೂ ಕೇಳಲೇಬೇಡಿ.

ಮೂರು ಜನ ಬಂದು ನೋಡ್ಕೊಂಡು ಹೋದ್ರು, ಮೂರೂ ಜನ ಮೂರು ದಿಕ್ಕು. ಒಬ್ರು ಎಲ್ಲಾ ಕಿತ್ತಾಕಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಹಾಕ್ಸಿ ಅಂತಾರೆ, ಇನ್ನೊಬ್ರು ಅಲ್ಯೂಮಿನಿಯಂ ಫ್ರೇಮಿಗೆ ಡಬಲ್ ಗ್ಲಾಸ್ (ಮಧ್ಯೆ ಸಂದಿ ಬಿಟ್ಟ ಎರಡು ಗಾಜು) ಅಂತಾರೆ, ಮೂರನೆಯವರು ಏನೂ ಬೇಡ ಸಾರ್ ಕಪ್ಪು ಫಿಲ್ಮ್ ಅಂಟಿಸ್ತೀನಿ ಸಾಕು ಅಂದ್ರು. ಯು ವ್ಯಾಲ್ಯೂ, ಎಸ್‌ಎಚ್‌ಜಿಸಿ, ಲೋ-ಇ ಅಂತ ಏನೇನೋ ಹೇಳ್ತಾರೆ, ಹೂಂ ಅಂತ ತಲೆ ಆಡಿಸ್ತಾ ಇದೀನಿ ಅಷ್ಟೇ. ಎಲ್ಲಾ ಕಿಟಕಿ ಬದಲಾಯಿಸೋದು ನಿಜವಾಗ್ಲೂ ಬೇಕಾ? ಮರದ ಫ್ರೇಮು ನೋಡಕ್ಕೆ ಗಟ್ಟಿಯಾಗೇ ಇದೆ, ಅದರಲ್ಲೇ ಡಬಲ್ ಗ್ಲಾಸ್ ಕೂರಿಸಬೋದಾ?

ಅಳತೆ_ಟೇಪು:

ನಿಮ್ಮದು ಒಂದು ಸಮಸ್ಯೆ ಅಲ್ಲ, ಎರಡು. ಹಾಲ್‌ದು ಬಿಸಿಲು, ರೂಮಿಂದು ಗಾಳಿ ಸೋರಿಕೆ. ಎರಡಕ್ಕೂ ಒಂದೇ ಔಷಧಿ ಮಾರಕ್ಕೆ ನೋಡ್ತಾರೆ, ಅಲ್ಲೇ ದುಡ್ಡು ಹೋಗೋದು.

ಹಾಲ್‌ದು ಲೆಕ್ಕ ಹಾಕಿ ನೋಡೋಣ. ನಿಮ್ಮ ಗಾಜು 3 ಚದರ ಮೀಟರ್. ಮೋಡ ಇಲ್ದಿರೋ ದಿನ ಸಂಜೆ ಕಡೆ ನೇರ ಬಿಸಿಲು ಬೀಳೋ ಪಶ್ಚಿಮದ ಗೋಡೆ ಮೇಲೆ ಚದರ ಮೀಟರಿಗೆ 600 ವ್ಯಾಟ್ ಆಸುಪಾಸು ಬೀಳುತ್ತೆ ಅಂತ ಇಟ್ಕೊಳಿ. ಅದರಲ್ಲಿ ಎಷ್ಟು ಪಾಲು ಮನೆ ಒಳಗೆ ಶಾಖ ಆಗಿ ಬರುತ್ತೆ ಅನ್ನೋದೇ ಎಸ್‌ಎಚ್‌ಜಿಸಿ, 0 ಇಂದ 1ರ ತನಕ ಇರೋ ನಂಬರು. ಸಾದಾ ಗಾಜಿಗೆ ಸುಮಾರು 0.85. ಅಂದ್ರೆ 3 × 600 × 0.85, ಒಂದೂವರೆ ಸಾವಿರ ವ್ಯಾಟ್! ರೂಮಲ್ಲಿ 1500 ವ್ಯಾಟಿನ ಹೀಟರ್ ಹಾಕಿಟ್ಟು ಎದುರಿಗೆ ಎಸಿ ಓಡಿಸ್ದಂಗೆ.

ಯು ವ್ಯಾಲ್ಯೂ ಬೇರೆ ವಿಷ್ಯ. ಬಿಸಿಲು ಇಲ್ದಿದ್ರೂ ಹೊರಗೆ ಒಳಗೆ ಟೆಂಪರೇಚರ್ ವ್ಯತ್ಯಾಸ ಇದ್ದಾಗ ಗಾಜಿನ ಮೂಲಕ ಹರಿಯೋ ಶಾಖದ ಲೆಕ್ಕ ಅದು. ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಇಷ್ಟು ವ್ಯಾಟ್ ಅಂತ, ಸಿಂಗಲ್ ಗಾಜಿಗೆ 5.7 ಹತ್ರ, ಸಾದಾ ಡಬಲ್ ಗ್ಲಾಸಿಗೆ 2.8 ಹತ್ರ. ಒಳಗೂ ಹೊರಗೂ 10 ಡಿಗ್ರಿ ವ್ಯತ್ಯಾಸ ಇದ್ರೆ ನಿಮ್ಮ ಕಿಟಕೀಲಿ 171 ವ್ಯಾಟ್ ಬರ್ತಿದ್ದದ್ದು 84 ಆಗುತ್ತೆ. ಉಳಿತಾಯ ಇದೆ ಆದ್ರೆ ಆ 1500ರ ಮುಂದೆ ಯಾವ ಲೆಕ್ಕ? ಸಾದಾ ಡಬಲ್ ಗ್ಲಾಸಿನ ಎಸ್‌ಎಚ್‌ಜಿಸಿ ಇನ್ನೂ 0.75 ಇರುತ್ತೆ, ಬಿಸಿಲಿನ ಶಾಖ 1350 ವ್ಯಾಟ್ ಹಂಗೇ ಬರುತ್ತೆ. ಅದೇ ಸೋಲಾರ್ ಕಂಟ್ರೋಲ್ ಲೋ-ಇ ಕೋಟಿಂಗ್ (ಶಾಖ ವಾಪಸ್ ಕಳ್ಸೋ ತೆಳು ಲೇಪ) ಇರೋ 0.28 ಗಾಜು ತಗೊಂಡ್ರೆ 500ಕ್ಕೆ ಇಳಿಯುತ್ತೆ. ಹಂಗಾಗಿ ಡಬಲ್ಲೋ ಸಿಂಗಲ್ಲೋ ಅಂತ ಆಮೇಲೆ ಕೇಳಿ, ಎಸ್‌ಎಚ್‌ಜಿಸಿ ಎಷ್ಟು ಅಂತ ಮೊದ್ಲು ಕೇಳಿ. ವರ್ಷದಲ್ಲಿ ಹೆಚ್ಚು ತಿಂಗಳು ಚಳಿ ಇರೋ ಕಡೆ ಇದೇ ಲೆಕ್ಕ ಉಲ್ಟಾ, ಅಲ್ಲಿ ಬಿಸಿಲು ಒಳಗೆ ಬರ್ಲಿ ಅಂತಾನೇ ಬೇಕು, ಯು ವ್ಯಾಲ್ಯೂ ಕಮ್ಮಿ ಇರ್ಬೇಕು.

ಇನ್ನೊಂದು, ಕಪ್ಪಗಿದ್ರೆ ಬಿಸಿಲು ತಡೆಯುತ್ತೆ ಅನ್ನೋದು ಅರ್ಧ ಸತ್ಯ. ಬಿಸಿಲಿನ ಶಕ್ತೀಲಿ ಹೆಚ್ಚುಕಮ್ಮಿ ಅರ್ಧ ಕಣ್ಣಿಗೆ ಕಾಣದೇ ಇರೋ ಇನ್‌ಫ್ರಾರೆಡ್. ಒಳ್ಳೇ ಲೋ-ಇ ಕೋಟಿಂಗು ಅದನ್ನ ವಾಪಸ್ ಕಳ್ಸಿ ಬೆಳಕು ಬಿಡುತ್ತೆ. ಕಪ್ಪು ಟಿಂಟು ಬೆಳಕನ್ನೂ ತಿಂದು ತಾನೇ ಕಾದು ಕೂತ್ಕೊಳುತ್ತೆ, ಆ ಕಾವಿನಲ್ಲಿ ಒಂದಷ್ಟು ಒಳಗೇ ಬಿಡುತ್ತೆ. ಬೆಳಕು ಎಷ್ಟು ಬರುತ್ತೆ ಅನ್ನೋ ವಿಎಲ್‌ಟಿ ನಂಬರನ್ನ ಎಸ್‌ಎಚ್‌ಜಿಸಿಯಿಂದ ಭಾಗಿಸಿ ನೋಡಿ, 1.25ಕ್ಕಿಂತ ಮೇಲೆ ಬಂದ್ರೆ ಒಳ್ಳೇ ಗಾಜು. ಹಾಂ, ಕೊಟೇಶನ್ನಲ್ಲಿರೋ ಯು ವ್ಯಾಲ್ಯೂ ಬರೀ ಗಾಜಿನ ಮಧ್ಯದ್ದಾ ಅಥ್ವಾ ಫ್ರೇಮ್ ಸೇರಿ ಇಡೀ ಕಿಟಕಿದಾ ಅಂತ ಕೇಳಿ. ಉತ್ತರ ಬರೋಕೆ ಮುಂಚೆ ಒಂದು ಕ್ಷಣ ಸುಮ್ನಾದ್ರೆ ಅದು ಗಾಜಿನದೇ.

ಸುಮ್ನೆ_ಓದೋನು:

ಇಷ್ಟೆಲ್ಲಾ ಗಾಜಿನ ಪುರಾಣ ಯಾಕ್ ಗುರು, ಹೊರಗಡೆ ನೆರಳು ಮಾಡು ಮುಗೀತು. ಒಳಗೆ ಎಷ್ಟು ದಪ್ಪ ಕರ್ಟನ್ ಹಾಕಿದ್ರೂ ಬಿಸಿಲು ಗಾಜು ದಾಟಿ ಬಂದು ಆಗಿರುತ್ತೆ, ಕರ್ಟನ್ ಕಾದು ರೂಮಿಗೇ ಬಿಡುತ್ತೆ. ಹೊರಗಿನ ಬ್ಲೈಂಡೋ ಶಟರ್ರೋ ಆದ್ರೆ ಗಾಜಿಗೇ ಬೀಳಲ್ಲ. ಗಾಜು ಬದಲಾಯಿಸೋ ಖರ್ಚಿನ ಮುಂದೆ ಇದು ಏನೂ ಅಲ್ಲ. ಮೇಲೆ ಸಜ್ಜಾ ಇದೆಯಲ್ಲಾ ಅನ್ಬೇಡಿ, ಸಂಜೆ ಸೂರ್ಯ ಕೆಳಗಿಂದ ಓರೆಯಾಗಿ ಬರ್ತಾನೆ, ಸಜ್ಜಾ ಅವನಿಗೆ ಲೆಕ್ಕಕ್ಕೇ ಇಲ್ಲ. ನಿಂತಿರೋ ಪಟ್ಟಿ, ಬಳ್ಳಿ ಹಬ್ಬಿಸಿದ ಜಾಲರಿ, ಮುಂದೆ ಒಂದು ಮರ, ಇವೇ ಕೆಲಸ ಮಾಡೋದು.

ಅಳತೆ_ಟೇಪು:

^ ಒಪ್ದೆ, ನೆರಳು ಮೊದ್ಲು. ಆದ್ರೆ ಸಂಜೆ ಪೂರ್ತಿ ಬ್ಲೈಂಡ್ ಇಳಿಸಿ ಲೈಟ್ ಹಾಕ್ಕೊಂಡು ಕೂರೋರಿಗೆ ಸರಿ, ಹೊರಗೆ ಕಾಣ್ಬೇಕು ಅನ್ನೋರಿಗೆ ಗಾಜೇ ಗತಿ. ಮಹಡಿ ಮೇಲಾದ್ರೆ ಗಾಳಿ ಹೊಡೆತಕ್ಕೆ ಹೊರಗಿನ ಬ್ಲೈಂಡು ಬಹಳ ದಿನ ಬಾಳೋದೂ ಕಷ್ಟ.

ಚೌಕಟ್ಟು:

ನಾನು ಕಿಟಕಿ ಕೆಲಸದಲ್ಲೇ ಇರೋನು, ಮಾರೋನ ಮಾತು ಅಂತ ಒಂದು ಚಿಟಿಕೆ ಉಪ್ಪು ಹಾಕ್ಕೊಂಡೇ ಓದಿ.

ಹಳೇ ಫ್ರೇಮಲ್ಲಿ ಡಬಲ್ ಗ್ಲಾಸ್ ಕೂರಿಸೋ ಪ್ರಶ್ನೆಗೆ ನೇರ ಉತ್ತರ: ಆ ಕಿಟಕಿ ಬಾಗಿಲುಗಳಲ್ಲಿ (ತೆಗೆದು ಮುಚ್ಚೋ ಭಾಗದಲ್ಲಿ) ಕೂರಲ್ಲ. 6 ಎಂಎಂ ಗಾಜು, 12 ಎಂಎಂ ಸಂದಿ, ಮತ್ತೆ 6 ಎಂಎಂ, ಒಟ್ಟು 24 ಎಂಎಂ ದಪ್ಪ. ನಿಮ್ಮ ಮರದಲ್ಲಿ 4 ಎಂಎಂಗೆ ಕೊರೆದ ಕಚ್ಚು ಇರೋದು. ತೂಕ ಬೇರೆ, ಗಾಜು 1 ಎಂಎಂ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆಜಿ ತೂಗುತ್ತೆ, ಈಗ 10 ಕೆಜಿ ಇರೋ ಜಾಗದಲ್ಲಿ 30 ಕೆಜಿ ಆಗುತ್ತೆ, ಹಳೇ ಹಿಂಜು ಎರಡೇ ಮಳೆಗಾಲಕ್ಕೆ ಜೋತು ಬೀಳುತ್ತೆ. ಮರದ ಫ್ರೇಮ್ ಉಳಿಸ್ಕೋಬೇಕು ಅಂದ್ರೆ ಸಿಂಗಲ್ ಗಾಜಿಗೇ ಆಗೋ ಹಾರ್ಡ್ ಕೋಟ್ (ಗಾಜಿಗೇ ಬೆಸೆದ ಗಟ್ಟಿ ಲೇಪದ) ಸೋಲಾರ್ ಕಂಟ್ರೋಲ್ ಗಾಜು ಸಿಗುತ್ತೆ, ಅದನ್ನ ಹಾಕ್ಸಿ. ಸಾಫ್ಟ್ ಕೋಟ್ ಮಾತ್ರ ಸಿಂಗಲ್ಲಾಗಿ ಹಾಕ್ಸಬೇಡಿ, ಅದರಲ್ಲಿರೋದು ಬೆಳ್ಳಿ ಪದರ, ಗಾಳಿ ತೇವ ತಾಗಿದ್ರೆ ಕಪ್ಪಾಗಿ ಹಾಳಾಗುತ್ತೆ, ಡಬಲ್ ಗ್ಲಾಸಿನ ಒಳ ಸಂದೀಲೇ ಇರ್ಬೇಕು.

ಮರ ಗಟ್ಟಿ ಇದ್ಯೋ ಇಲ್ವೋ ನೋಡಕ್ಕೆ ಸ್ಕ್ರೂಡ್ರೈವರ್ ತಗೊಂಡು ಕೆಳಗಿನ ಮೂಲೆಗಳಲ್ಲಿ ಚುಚ್ಚಿ. ಪೇಂಟ್ ಚೆನ್ನಾಗೇ ಕಾಣ್ತಿರುತ್ತೆ, ತುದಿ ಸಲೀಸಾಗಿ ಒಳಗೆ ಹೋಯ್ತು ಅಂದ್ರೆ ಒಳಗೆ ಕೊಳೆತಿದೆ ಅಂತಾನೇ. ಟಣ್ ಅಂತ ನಿಂತ್ರೆ ಆ ಫ್ರೇಮ್ ಕೀಳಬೇಡಿ, ಮರ ಒಳ್ಳೇ ಇನ್ಸುಲೇಟರ್ರು.

ಯುಪಿವಿಸಿನಾ ಅಲ್ಯೂಮಿನಿಯಮ್ಮಾ ಅಂದ್ರೆ, ಶಾಖ ಸಾಗಿಸೋದ್ರಲ್ಲಿ ಅಲ್ಯೂಮಿನಿಯಂ ಪಿವಿಸಿಗಿಂತ ಹತ್ರ ಹತ್ರ ಸಾವಿರ ಪಟ್ಟು. ಸಾದಾ ಅಲ್ಯೂಮಿನಿಯಂ ಫ್ರೇಮಿಗೆ ಎಂಥಾ ಗಾಜು ಹಾಕಿದ್ರೂ ಫ್ರೇಮೇ ಬಿಸಿ ಒಳಗೆ ಎಳೆಯುತ್ತೆ. ಅಲ್ಯೂಮಿನಿಯಮ್ಮೇ ಬೇಕು ಅಂದ್ರೆ ಥರ್ಮಲ್ ಬ್ರೇಕ್ ಇರೋದು ತಗೊಳಿ, ಒಳ ಹೊರ ಪ್ರೊಫೈಲ್ (ಫ್ರೇಮಿನ ಟೊಳ್ಳು ಪಟ್ಟಿ) ಮಧ್ಯೆ ಶಾಖ ದಾಟದಂಗೆ ಕಪ್ಪು ಪಾಲಿಅಮೈಡ್ (ಒಂಥರಾ ಪ್ಲಾಸ್ಟಿಕ್) ಪಟ್ಟಿ ಇರುತ್ತೆ. ಪ್ರೊಫೈಲ್ ಅಡ್ಡ ಕತ್ತರಿಸಿದ ತುಂಡು ತೋರ್ಸಿ ಅನ್ನಿ, ಪಟ್ಟಿ ಕಣ್ಣಿಗೇ ಕಾಣುತ್ತೆ. ಯುಪಿವಿಸಿಲೂ ಅದೇ ತುಂಡು ಕೇಳಿ, ಒಳಗೆ ಜಿಂಕ್ ಲೇಪದ ಸ್ಟೀಲ್ ಇದ್ಯಾ ನೋಡಿ, 2 ಮೀಟರ್ ಅಗಲಕ್ಕೆ ಸ್ಟೀಲ್ ಇಲ್ದೇ ಹಾಕೋದು ಮೋಸ. ಪಶ್ಚಿಮದ ಬಿಸಿಲಿಗೆ ಕಪ್ಪು, ಕಾಫಿ ಬಣ್ಣದ ಯುಪಿವಿಸಿ ಬೇಡ. 30 ಡಿಗ್ರಿ ಕಾದ್ರೆ 2 ಮೀಟರ್ ಪ್ರೊಫೈಲ್ 4 ಎಂಎಂ ಹತ್ರ ಹಿಗ್ಗುತ್ತೆ, ಗಾಢ ಬಣ್ಣ ಇನ್ನೂ ಜಾಸ್ತಿ ಕಾಯುತ್ತೆ. ಅದಕ್ಕೇ ಫ್ರೇಮ್ ಸುತ್ತ ಸಂದಿ ಬಿಟ್ಟು ಪಿಯು ಫೋಮ್ (ಉಬ್ಬಿ ಗಟ್ಟಿಯಾಗೋ ನೊರೆ) ತುಂಬಿ ಮೇಲೆ ಸೀಲೆಂಟ್ ಹಾಕ್ಬೇಕು, ಸಿಮೆಂಟ್ ಮೆತ್ತಿ ಬಿಗಿ ಮಾಡೋದಲ್ಲ. ಫೋಮ್ ಬಿಸಿಲಿಗೆ ಬಿದ್ರೆ ಹಳದಿಯಾಗಿ ಪುಡಿ ಆಗುತ್ತೆ, ಮುಚ್ಚಲೇಬೇಕು.

ಕೊನೇದಾಗಿ ಸ್ಲೈಡಿಂಗ್. ಜಾಗ ಉಳಿಯುತ್ತೆ ಅಂತ ಎಲ್ರೂ ಅದನ್ನೇ ಕೇಳ್ತಾರೆ, ಆದ್ರೆ ಸ್ಲೈಡ್ ಆಗ್ಬೇಕಂದ್ರೆ ಸೀಲು ಸಡಿಲ ಇರ್ಲೇಬೇಕು, ಹಂಗಾಗಿ ಬ್ರಷ್ ಥರದ ಪೈಲ್ ಹಾಕಿರ್ತಾರೆ, ಗಾಳಿ ಧೂಳು ತೂರೋದು ತಪ್ಪಲ್ಲ. ಕೇಸ್‌ಮೆಂಟ್ ಅಂದ್ರೆ ಬಾಗಿಲ ಥರ ತೆಗೆಯೋದು, ಹಿಡಿ ತಿರುಗಿಸ್ದಾಗ ರಬ್ಬರ್ ಗ್ಯಾಸ್ಕೆಟ್ಟನ್ನ ಒತ್ತಿ ಕೂರುತ್ತೆ. ನಿಮ್ಮ ಹಾಲ್ ಫ್ರೇಮ್ ಬದಲಾಯಿಸೋದೇ ಆದ್ರೆ ಮಧ್ಯ ಫಿಕ್ಸೆಡ್, ಎರಡು ಪಕ್ಕ ಕೇಸ್‌ಮೆಂಟ್ ಮಾಡ್ಸಿ. ಫಿಕ್ಸೆಡ್ ಗಾಜು ಸೋರಲ್ಲ, ಖರ್ಚೂ ಕಮ್ಮಿ.

ಹಳೇಮನೆ_ರಿಪೇರಿ:

ಅಬ್ಬಾ ಇಷ್ಟು ಯಾರೂ ಹೇಳಿರ್ಲಿಲ್ಲ, ಥ್ಯಾಂಕ್ಸ್. ಚುಚ್ಚಿ ನೋಡ್ದೆ, ರೂಮುಗಳ ಫ್ರೇಮು ಎಲ್ಲಾ ಗಟ್ಟಿ ಇದೆ. ಹಾಲ್‌ದು ಎಡಗಡೆ ಕೆಳಗಿನ ಮೂಲೆ ಮೆತ್ತಗಿದೆ, ಸ್ಕ್ರೂಡ್ರೈವರ್ ಒಂದು ಬೆರಳು ಒಳಗೆ ಹೋಯ್ತು, ತೆಗೆದ್ರೆ ಒದ್ದೆ ಪುಡಿ ಬಂತು. ಹಂಗಾದ್ರೆ ಹಾಲ್‌ದು ಮಾತ್ರ ಪೂರ್ತಿ ಹೊಸದು. ರೂಮಿನವು ಎಲ್ಲಿ ಸೋರ್ತಾ ಇದೆ ಅಂತ ಹೆಂಗೆ ಕಂಡುಹಿಡಿಯೋದು? ಗೋಡೆ ಫ್ರೇಮ್ ಮಧ್ಯಾನೋ, ಫ್ರೇಮ್ ಬಾಗಿಲ ಮಧ್ಯಾನೋ ಗೊತ್ತಾಗ್ತಿಲ್ಲ. ಮತ್ತೆ ಫಿಲ್ಮ್ ಬಗ್ಗೆ ಯಾರೂ ಏನೂ ಹೇಳ್ಲಿಲ್ಲ.

ಬೀಸೋಗಾಳಿ:

ಗಾಳಿ ಇರೋ ದಿನ ಎಲ್ಲಾ ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಅಡುಗೆಮನೆ ಬಚ್ಚಲುಮನೆ ಎಕ್ಸಾಸ್ಟ್ ಆನ್ ಮಾಡಿ. ಮನೆ ಒಳಗಿನ ಗಾಳಿ ಹೊರಗೆ ಹೋಗ್ತಾ ಇದ್ರೆ ಸಂದಿಗಳಿಂದ ಜಾಸ್ತಿ ಎಳ್ಕೊಳುತ್ತೆ. ಆಮೇಲೆ ಒಂದು ಊದುಬತ್ತಿ ಹಚ್ಚಿ ಫ್ರೇಮಿನ ಸುತ್ತ ನಿಧಾನಕ್ಕೆ ಆಡಿಸ್ತಾ ಹೋಗಿ, ಕರ್ಟನ್ ಮಾತ್ರ ಮೊದ್ಲೇ ಸರಿಸಿರಿ. ಹೊಗೆ ನೆಟ್ಟಗೆ ಮೇಲೆ ಹೋಗ್ತಿರೋದು ಒಂದು ಕಡೆ ಇದ್ದಕ್ಕಿದ್ದಂಗೆ ಅಡ್ಡ ಬೀಳುತ್ತೆ, ಅಲ್ಲೇ ತೂತು. ಪೆನ್ಸಿಲಲ್ಲಿ ಗುರುತು ಹಾಕಿ. ಗೋಡೆ ಫ್ರೇಮ್ ಮಧ್ಯೆ ಆದ್ರೆ ಸೀಲೆಂಟು ಸಾಕು, ಸಂದಿ ದೊಡ್ಡದಿದ್ರೆ ಮೊದ್ಲು ಬ್ಯಾಕರ್ ರಾಡ್ ಅಂತ ಫೋಮ್ ಹಗ್ಗ ತುರುಕಿ ಅದರ ಮೇಲೆ ಹಾಕಿ, ಇಲ್ದಿದ್ರೆ ಸೀಲೆಂಟು ಆಳಕ್ಕಿಳಿದು ಮೂರೂ ಕಡೆ ಅಂಟ್ಕೊಂಡು ಮರ ಹಿಗ್ಗಿ ಕುಗ್ಗಿದಾಗ ಹರಿಯುತ್ತೆ.

ಬಾಗಿಲ ಮಧ್ಯೆ ಆದ್ರೆ ಪೇಪರ್ ಟೆಸ್ಟ್: ಒಂದು ಹಾಳೆ ಇಟ್ಟು ಕಿಟಕಿ ಮುಚ್ಚಿ ಎಳೀರಿ. ಬಿಗಿಯಾಗಿ ಹಿಡ್ಕೊಂಡ್ರೆ ಸರಿ, ಸುಮ್ನೆ ಜಾರಿ ಬಂದ್ರೆ ಅಲ್ಲಿ ಒತ್ತಡ ಇಲ್ಲ. ಸುತ್ತಲೂ ಗೇಣು ಗೇಣಿಗೆ ಮಾಡಿ. ಸಾಮಾನ್ಯವಾಗಿ ಹಿಂಜ್ ಕಡೆ ಬಿಗಿ ಇದ್ದು ಚಿಲಕದ ಕಡೆ ಮೇಲೆ ಕೆಳಗೆ ಸಡಿಲ ಇರುತ್ತೆ. ಇಪಿಡಿಎಂ ರಬ್ಬರ್ ಪಟ್ಟಿ ಸಿಗುತ್ತೆ, ಅಂಟಿಸೋದು ಅಥ್ವಾ ಮರದಲ್ಲಿ ಸಣ್ಣ ಕಚ್ಚು ಕೊರೆದು ಕೂರಿಸೋದು. ಎರಡನೇದು ಬಾಳಿಕೆ ಬರುತ್ತೆ. ಸ್ಪಂಜಿನ ಪಟ್ಟಿ ತರಬೇಡಿ, ಒಂದು ವರ್ಷಕ್ಕೆ ಅಪ್ಪಚ್ಚಿ.

ಫಿಲ್ಮ್: ಸಿಂಗಲ್ ಗಾಜಿಗೆ ಒಳ್ಳೇ ಸೋಲಾರ್ ಫಿಲ್ಮ್ ನಿಜವಾಗ್ಲೂ ಕೆಲಸ ಮಾಡುತ್ತೆ, ಬಾಡಿಗೆ ಮನೆಯವರಿಗಂತೂ ಅದೇ ಸರಿ. ಡಬಲ್ ಗ್ಲಾಸಿನ ಒಳಗಡೆ ಕಪ್ಪು ಫಿಲ್ಮ್ ಅಂಟಿಸೋದು ಮಾತ್ರ ಡೇಂಜರ್. ಬಿಸಿಲು ಬೀಳೋ ಮಧ್ಯಭಾಗ ಕಾದು ಹಿಗ್ಗುತ್ತೆ, ಫ್ರೇಮ್ ಒಳಗಿರೋ ಅಂಚು ತಣ್ಣಗೇ ಇರುತ್ತೆ, ಆ ಎಳೆದಾಟಕ್ಕೆ ಟಫನ್ ಮಾಡದಿರೋ (ಕಾಯಿಸಿ ಗಟ್ಟಿ ಮಾಡದಿರೋ) ಗಾಜು ಅಂಚಿಂದ ಬಿರುಕು ಬಿಡುತ್ತೆ.

ಒಂದ್_ಕಪ್_ಚಾ:

ಅಲ್ರೀ, ಎಲ್ಲಾರೂ ಗಾಜಿನ ಬಗ್ಗೆನ ಮಾತಾಡಾಕತ್ತೀರಿ, ಬಾಗಲದ್ದು ಯಾರೂ ಕೇಳವಲ್ರಲ್ಲ! ಬಾಗಲ ಅಗಲ 1 ಮೀಟರ್ ಐತಿ, ಕೆಳಗ 1 ಸೆಂಟಿಮೀಟರ್ ಸಂದಿ ಐತಿ ಅಂತ ತಿಳಕೋರಿ. 100 ಚದರ ಸೆಂಟಿಮೀಟರ್ ಆತು, ಗ್ವಾಡಿಗೆ ಹತ್ತು ಬೈ ಹತ್ತರ ತೂತ ಕೊರದಷ್ಟ. ಎಸಿ ರೂಮಿನ ಬಾಗಲಕ್ಕ ಒಂದು ಡ್ರಾಪ್ ಸೀಲ್ ಹಾಕಸ್ರಿ, ಬಾಗಲ ಮುಚ್ಚಿದಾಗ ತಾನ ಕೆಳಗಿಳಿದು ನೆಲಕ್ಕ ಒತ್ತತೈತಿ, ತಗದಾಗ ಮ್ಯಾಲ ಹೋಗತೈತಿ, ನೆಲಕ್ಕ ತಿಕ್ಕೂದಿಲ್ಲ. ಮುಂಬಾಗಲಕ್ಕ ಹೊಸ್ತಿಲ ಇದ್ರ ಭಾಳ ಚಲೋ, ಹೊಸ್ತಿಲಿಗೆ ಒಂದು ರಬ್ಬರ್ ಪಟ್ಟಿ ಸಾಕು.

ಮರದ ಬಾಗಲ ಮಳಿಗಾಲದಾಗ ಉಬ್ಬಿತಂದ್ರ ಕೂಡ್ಲೇ ಕೀಸುಳಿ ಹಚ್ಚಬ್ಯಾಡ್ರಿ. ಬ್ಯಾಸಗಿ ಬಂದ ಕೂಡ್ಲೇ ಕುಗ್ಗತೈತಿ, ಆಮ್ಯಾಲ ನೀವು ಕೀಸಿದ್ದ ಜಾಗಾನ ಗಾಳಿ ಬರು ಸಂದಿ ಆಗತೈತಿ. ಬಾಗಲ ಬಿಚ್ಚಿ ಮ್ಯಾಲಿನ ಅಂಚು ಕೆಳಗಿನ ಅಂಚು ನೋಡ್ರಿ, ಅಲ್ಲಿ ಯಾರೂ ಪೇಂಟ್ ಹಚ್ಚಿರೂದಿಲ್ಲ, ಮರ ನೀರ ಕುಡಿಯೂದ ಅಲ್ಲಿಂದ. ಒಣಗಿದಾಗ ಆ ಎರಡು ಅಂಚಿಗೆ ಎರಡ ಕೋಟ್ ಹಚ್ಚರಿ.

ಇನ್ನೊಂದು, ಮನಿ ಪೂರಾ ಬಿಗಿ ಮಾಡೂ ಮುಂಚೆ ಗ್ಯಾಸ್ ಒಲಿ, ಗ್ಯಾಸ್ ಗೀಸರ್ ಎಲ್ಲಿ ಅದಾವ ನೋಡ್ಕೋರಿ. ಅಲ್ಲಿ ಗಾಳಿ ಆಡಾಕ ದಾರಿ ಇರಾಕಬೇಕು, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣಾನೂ ಇಲ್ಲ ವಾಸನಿನೂ ಇಲ್ಲ.

ಚೌಕಟ್ಟು:

ಮೇಲಿನ ಕೊನೇ ಪ್ಯಾರಾ ಎಲ್ರೂ ಎರಡು ಸಲ ಓದಿ. ಗೀಸರ್ ಇರೋ ಬಚ್ಚಲುಮನೆ ವೆಂಟಿಲೇಟರ್ ಮುಚ್ಚಿ ಕೊಡಿ ಅಂತ ಕೇಳೋರು ಇದಾರೆ, ನಾನಂತೂ ಮಾಡ್ಕೊಡಲ್ಲ.

ಹೊಸ ಕಿಟಕಿ ಬಂದ್ಮೇಲೆ ನೋಡ್ಕೊಳೋದು ಹೆಂಗೆ ಅಂತಾನೂ ಇಲ್ಲೇ ಹೇಳಿಬಿಡ್ತೀನಿ. ನನಗೆ ಬರೋ ನೀರು ಸೋರೋ ಕಂಪ್ಲೇಂಟಲ್ಲಿ ಜಾಸ್ತಿ ಇದೊಂದೇ: ಫ್ರೇಮಿನ ಕೆಳಗಿನ ತೋಡಲ್ಲಿ ನೀರು ಹೊರಗೆ ಹೋಗಕ್ಕೆ ಸಣ್ಣ ಉದ್ದುದ್ದ ತೂತು ಇರುತ್ತೆ, ವೀಪ್ ಹೋಲ್ ಅಂತೀವಿ. ಹೊರಗಿಂದ ಅದನ್ನ ನೋಡಿ ಅಯ್ಯೋ ತೂತಿದೆ ಇರುವೆ ಬರುತ್ತೆ ಅಂತ ಸಿಲಿಕೋನ್ ಹಾಕಿ ಮುಚ್ಚಿಬಿಡ್ತಾರೆ, ಮಳೆ ಬಂದಾಗ ನೀರಿಗೆ ದಾರಿ ಇಲ್ದೆ ತುಂಬಿ ಒಳಗಿನ ಗೋಡೆ ಮೇಲೆ ಇಳಿಯುತ್ತೆ. ಮಳೆಗಾಲಕ್ಕೆ ಮುಂಚೆ ತೋಡಿನ ಧೂಳೆಲ್ಲಾ ಹಳೇ ಟೂತ್‌ಬ್ರಷಲ್ಲಿ ಎಬ್ಬಿಸಿ ತೆಗೀರಿ, ಒಂದು ಲೋಟ ನೀರು ನಿಧಾನಕ್ಕೆ ತೋಡಿಗೆ ಹಾಕಿ, ಹೊರಗೆ ಬಗ್ಗಿ ನೋಡಿ. ತೊಟ್ಟಿಕ್ಕದೇ ನೀರು ಅಲ್ಲೇ ನಿಂತ್ರೆ ತಂತಿ ಹಾಕಿ ತೂತು ಬಿಡಿಸಿ.

ಗ್ಯಾಸ್ಕೆಟ್ಟಿಗೆ ಸೋಪಿನ ನೀರು, ಮೆತ್ತನೆ ಬಟ್ಟೆ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಅಷ್ಟೇ. ಗ್ರೀಸು, ಇಂಜಿನ್ ಆಯಿಲ್ಲು, ಪೆಟ್ರೋಲಿಯಂ ಜೆಲ್ಲಿ ಹಚ್ಚಿದ್ರೆ ಇಪಿಡಿಎಂ ಉಬ್ಬಿ ಮೆತ್ತಗಾಗಿ ಕಿತ್ತು ಬರುತ್ತೆ. ಪೇಂಟ್ ಹೊಡೆಯೋರು ಗ್ಯಾಸ್ಕೆಟ್ ಮೇಲೇ ಎಳೆದು ಹೋಗ್ತಾರೆ, ಟೇಪ್ ಹಾಕ್ಸಿ. ವರ್ಷ ಕಳೆದ್ಮೇಲೆ ಪೇಪರ್ ಸಡಿಲ ಬಂದ್ರೆ ಹೊಸ ಗ್ಯಾಸ್ಕೆಟ್ ಬೇಕು ಅಂತ ಅಲ್ಲ, ಬಾಗಿಲಂಚಲ್ಲಿ ಅಣಬೆ ಥರ ಇರೋ ಲಾಕಿಂಗ್ ಕ್ಯಾಮ್ ಇರುತ್ತಲ್ಲ, ತುಂಬಾ ಮಾಡೆಲಲ್ಲಿ ಅದನ್ನ ಅಲೆನ್ ಕೀ ಹಾಕಿ ಸ್ವಲ್ಪ ತಿರುಗಿಸಿದ್ರೆ ಒತ್ತಡ ಜಾಸ್ತಿ ಆಗುತ್ತೆ.

ಡಬಲ್ ಗ್ಲಾಸ್ ಮಂಜಾದ್ರೆ ಯಾವ ಕಡೆ ಅಂತ ನೋಡಿ. ರೂಮಿನ ಕಡೆ ಆದ್ರೆ ಮನೇಲಿ ತೇವ ಜಾಸ್ತಿ, ಗಾಳಿ ಆಡಿಸಿ. ಬೆಳಿಗ್ಗೆ ಹೊರಗಡೆ ಆದ್ರೆ ಗಾಬರಿ ಬೇಡ, ಒಳಗಿನ ಶಾಖ ಹೊರ ಗಾಜಿಗೆ ತಲುಪ್ತಿಲ್ಲ, ಗಾಜು ಕೆಲಸ ಮಾಡ್ತಿದೆ ಅಂತ. ಎರಡು ಗಾಜಿನ ಮಧ್ಯೆ ಆದ್ರೆ ಮಾತ್ರ ಸೀಲ್ ಹೋಗಿದೆ, ಸ್ಪೇಸರ್ (ಎರಡು ಗಾಜಿನ ನಡುವೆ ಅಂಚಲ್ಲಿರೋ ಪಟ್ಟಿ) ಒಳಗೆ ತೇವ ಹೀರೋ ಕಾಳು ತುಂಬಿರ್ತೀವಿ, ಅದೂ ನೆನೆದು ಮುಗಿದಿದೆ. ಆಗ ಗಾಜಿನ ಯೂನಿಟ್ ಮಾತ್ರ ಬದಲಾಯಿಸಿದ್ರೆ ಸಾಕು, ಫ್ರೇಮೂ ಹೊಸದು ಬೇಕು ಅನ್ನೋರನ್ನ ನಂಬಬೇಡಿ.

ಹಳೇಮನೆ_ರಿಪೇರಿ:

ಸರಿ, ತೀರ್ಮಾನ ಆಯ್ತು. ಹಾಲ್‌ಗೆ ಬಿಳಿ ಯುಪಿವಿಸಿ, ಮಧ್ಯ ಫಿಕ್ಸೆಡ್ ಪಕ್ಕ ಕೇಸ್‌ಮೆಂಟ್, ಎಸ್‌ಎಚ್‌ಜಿಸಿ 0.3ರ ಒಳಗಿನ ಲೋ-ಇ ಡಬಲ್ ಗ್ಲಾಸ್. ಹೊರಗೆ ಬಳ್ಳಿ ಜಾಲರೀನೂ ಮಾಡಿಸ್ತೀವಿ. ರೂಮುಗಳಿಗೆ ಬರೀ ಗ್ಯಾಸ್ಕೆಟ್ಟು, ಸೀಲೆಂಟು. ಕೊನೇ ಪ್ರಶ್ನೆ, ಬರೋ ಗಾಜು ನಿಜವಾಗ್ಲೂ ಲೋ-ಇ ಹೌದೋ ಅಲ್ವೋ ಕಣ್ಣಲ್ಲಿ ನೋಡಿ ಹೇಳಕ್ಕಾಗುತ್ತಾ? ಸಾದಾ ಗಾಜು ಕೊಟ್ಟು ಹೋದ್ರೆ ನನಗೇನು ಗೊತ್ತಾಗುತ್ತೆ.

ಅಳತೆ_ಟೇಪು:

ಗೊತ್ತಾಗುತ್ತೆ. ಲೈಟರ್ ಹಚ್ಚಿ ಅಥ್ವಾ ಮೊಬೈಲ್ ಟಾರ್ಚ್ ಆನ್ ಮಾಡಿ ಗಾಜಿನ ಹತ್ರ ಹಿಡಿದು ಓರೆಯಿಂದ ನೋಡಿ. ಡಬಲ್ ಗ್ಲಾಸಿಗೆ ನಾಲ್ಕು ಮುಖ, ಹಂಗಾಗಿ ನಾಲ್ಕು ಪ್ರತಿಬಿಂಬ ಕಾಣುತ್ತೆ, ಎರಡೆರಡರ ಜೋಡಿ. ನಾಲ್ಕೂ ಒಂದೇ ಬಣ್ಣ ಇದ್ರೆ ಕೋಟಿಂಗ್ ಇಲ್ಲ. ಒಂದು ಮಾತ್ರ ಬೇರೆ ಬಣ್ಣಕ್ಕೆ, ಗುಲಾಬಿಗೋ ಹಸಿರಿಗೋ ತಿರುಗಿದ್ರೆ ಅದೇ ಲೋ-ಇ ಮುಖ. ಹೊರಗಿಂದ ಎಣಿಸಿದ್ರೆ ಅದು ಎರಡನೇದಾಗಿರ್ಬೇಕು, ಅಂದ್ರೆ ಹೊರ ಗಾಜಿನ ಒಳಮೈ. ಮೂರನೇದಾಗಿದ್ರೆ ಯೂನಿಟ್ ಉಲ್ಟಾ ಇದೆ, ಯು ವ್ಯಾಲ್ಯೂ ಅಷ್ಟೇ ಇರುತ್ತೆ ಆದ್ರೆ ಬಿಸಿಲಿನ ಶಾಖ ಜಾಸ್ತಿ ಬರುತ್ತೆ. ಗಾಜು ಹಿಡಿಯೋ ಬೀಡಿಂಗ್ ಪಟ್ಟಿ ಒತ್ತೋಕೆ ಮುಂಚೆ, ಹುಡುಗರು ಇನ್ನೂ ಅಲ್ಲೇ ಇರುವಾಗಲೇ ನೋಡಿ, ತಿರುಗಿಸಿ ಹಾಕಿಸ್ಕೊಳಿ.